ಎಲ್ಲಾ ಚಲೋ ಐತ್ರಿ

ಕೃಷ್ಣಾ ನದಿಯ ದಂಡೆಯ ಮೇಲಿನ ಒಂದು ಆಶ್ರಮದಲ್ಲಿ ಗುರುಗಳೊಬ್ಬರಿದ್ದರು. ಚನ್ನವೀರಯ್ಯ ಎಂಬ ಹೆಸರು ಕಾಗದದಲ್ಲಷ್ಟೇ ಉಳಿದಿತ್ತು, ಎಲ್ಲರ ಬಾಯಲ್ಲೂ ಅವರು ಅಜ್ಜಾರು. ಒಂದು ಆಸೆಯ ಹೊರತು ಮಿಕ್ಕೆಲ್ಲವನ್ನೂ ಬಿಟ್ಟವರು. ಆಶ್ರಮದ ಕಾರನ್ನು ಮಾತ್ರ ತಾವೇ ಓಡಿಸಬೇಕು.

ಶಿಷ್ಯ ಯಮನೂರಪ್ಪ ಇಲ್ಲಿಗೆ ಬರುವ ಮೊದಲು ರಾಯಚೂರಿನಲ್ಲಿ ಕಾರುಗಳ ಎ.ಸಿ. ರಿಪೇರಿ ಮಾಡುತ್ತಿದ್ದವನು. ಅಜ್ಜಾರ ಕಣ್ಣು ಮಂಜಾಗಿದೆ ಎಂದು ಅವನಿಗೆ ಗೊತ್ತಿತ್ತು. ಒಮ್ಮೆ ಅವರು ರಸ್ತೆಬದಿಯ ಮೈಲುಗಲ್ಲಿಗೆ ಹಾರ್ನ್ ಹೊಡೆದು, ಅದು ಸರಿಯಲಿಲ್ಲವೆಂದು ಬೇಸರಪಟ್ಟುಕೊಂಡಿದ್ದರು.

ಆದರೂ "ನಾ ಹೆಂಗ ಓಡಸ್ತೀನೋ?" ಎಂದು ಅವರು ಕೇಳಿದಾಗಲೆಲ್ಲ ಯಮನೂರಪ್ಪನ ಉತ್ತರ ಒಂದೇ: "ಚಲೋ ಓಡಸ್ತೀರಿ ಅಜ್ಜಾರ."

ಉಳಿದ ಶಿಷ್ಯರೂ ಅದನ್ನೇ ಹೇಳುತ್ತಿದ್ದರು. ಹೇಳಿ, ಕಾರು ಹತ್ತದಂತೆ ಏನಾದರೊಂದು ನೆಪ ತೆಗೆಯುತ್ತಿದ್ದರು.

ಆಗ ಬೇಸಿಗೆ. ಆಶ್ರಮದ ಅಡುಗೆಯ ಶಂಕ್ರಮ್ಮನಿಗೆ ಕೆಲ ವಾರಗಳ ಹಿಂದೆ ಹೃದಯದ ಆಪರೇಷನ್ ಆಗಿತ್ತು. ಬೆಳಗಾದರೆ ಅವಳನ್ನು ತಪಾಸಣೆಗೆ ಕಲಬುರಗಿಗೆ ಕರೆದೊಯ್ಯಬೇಕು, ಬಿಸಿಲಿನ ಝಳ ತಾಗಬಾರದು ಎಂದಿದ್ದರು ಡಾಕ್ಟರು.

"ನಾನ ಕರ್ಕೊಂಡು ಹೊಕ್ಕೀನಿ" ಎಂದರು ಅಜ್ಜಾರು. ಯಮನೂರಪ್ಪ ನೆಪ ಹುಡುಕತೊಡಗಿದ.

ಅಷ್ಟರಲ್ಲಿ ಕಾರಿನ ಎ.ಸಿ. ಕೈಕೊಟ್ಟಿತು. ಗಾಡಿ ಓಡುವಾಗ ತಂಪು, ನಿಂತರೆ ಬಿಸಿಗಾಳಿ. ಯಮನೂರಪ್ಪನಿಗೆ ಒಳಗೊಳಗೇ ಖುಷಿ. ಇದು ಸರಿಹೋಗದಿದ್ದರೆ ಪ್ರಯಾಣವೇ ಇಲ್ಲ, ತಾನು ಬಾಯಿ ಬಿಡುವ ಪ್ರಮೇಯವೂ ಇಲ್ಲ. ಶಂಕ್ರಮ್ಮನ ತಪಾಸಣೆ ಮುಂದೆ ಹೋಗುತ್ತದೆ ಎಂಬುದನ್ನು ಅವನು ಯೋಚಿಸಲು ಹೋಗಲಿಲ್ಲ.

ಬಾನೆಟ್ ಎತ್ತಿ, ಅಲ್ಲಿ ಇಲ್ಲಿ ಮುಟ್ಟಿ ನೋಡಿ ಬಂದು ಹೇಳಿದ: "ಎಲ್ಲಾ ಚಲೋ ಐತ್ರಿ. ಆದ್ರ ತಂಪಾಗವಲ್ದು."

ಅಜ್ಜಾರು ಬೇವಿನ ನೆರಳಲ್ಲಿ ಕುಳಿತಿದ್ದರು. "ಎಲ್ಲಾ ಅಂದ್ರ ಯಾರ್ಯಾರೋ?"

"ಗ್ಯಾಸ್ ಐತಿ. ಕಂಪ್ರೆಸರ್ ತಿರಗತೈತಿ. ಗ್ಯಾಸ್ ತಂಪು ಮಾಡೋ ಮುಂದಿನ ಫ್ಯಾನ್ ತಾನಾಗಿ ತಿರಗವಲ್ದು, ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ರ ತಿರಗತೈತಿ."

"ಅದಕ್ಕ ತಿರುಗು ಅಂತ ಹೇಳೋರು ಯಾರು?"

"ಗಾಡಿಯೊಳಗಿನ ಕಂಪ್ಯೂಟರ್ ರಿ. ಪೈಪಿನೊಳಗ ಗ್ಯಾಸಿನ ಒತ್ತಡ ಏರಿದ್ರ ಅದು ಫ್ಯಾನ್ ಹಚ್ಚತೈತಿ."

"ಒತ್ತಡ ಏರೇತಿ ಅಂತ ಕಂಪ್ಯೂಟರಿಗೆ ಹೇಳೋರು?"

"ಪ್ರೆಶರ್ ಸೆನ್ಸರ್. ಅದನ್ನೂ ಸ್ಕ್ಯಾನರ್ ಹಚ್ಚಿ ಕೇಳೀನ್ರಿ. ಒತ್ತಡ ಎಷ್ಟಿರಬೇಕೋ ಅಷ್ಟ ಐತಿ ಅಂತೈತಿ."

"ಎಷ್ಟು ಸಲ ಕೇಳ್ದಿ?"

"ಒಂದ ಸಲ. ಚಲೋ ಐತಿ ಅಂದ ಮ್ಯಾಲ ಮತ್ಯಾಕ ಕೇಳೋದ್ರಿ?"

ಅಜ್ಜಾರು ಎದ್ದು ಅಡುಗೆಮನೆಗೆ ಹೋದರು. ಒಂದು ಲೋಟ ಮಜ್ಜಿಗೆ ತಂದು ಕೈಗಿತ್ತರು. "ಹೆಂಗೈತಿ?"

"ಚಲೋ ಐತ್ರಿ."

ಇನ್ನೊಂದು ಲೋಟ ಬಂತು. ಅದರಲ್ಲಿ ಒಂದು ಹಿಡಿ ಉಪ್ಪು ಬಿದ್ದಿತ್ತು. ಯಮನೂರಪ್ಪನ ಕಣ್ಣಲ್ಲಿ ನೀರಾಡಿತು, ಆದರೂ ಬಿಡದೆ ನುಂಗಿದ.

"ಇದು?"

"ಇದೂ ಚಲೋ ಐತ್ರಿ."

ಮೂರನೆಯದು ಮಜ್ಜಿಗೆಯ ಪಾತ್ರೆ ತೊಳೆದ ನೀರು.

"ಇದು?"

"ಭಾಳ ಚಲೋ..." ಎಂದವನು ಅಲ್ಲಿಗೇ ತಡೆದ.

ಅಜ್ಜಾರು ಲೋಟಗಳನ್ನು ಒಂದರೊಳಗೊಂದು ಇಡುತ್ತ ಕೇಳಿದರು: "ನಿನ್ನ ಮಾತು ನಂಬಿ ನಾ ಇದನ್ನ ಊರಿಗೆಲ್ಲಾ ಹಂಚಿದ್ರ ನನ್ನ ಗತಿ ಏನೋ?"

ಯಮನೂರಪ್ಪ ಕಾರಿನತ್ತ ಓಡಿದ. ಎಂಜಿನ್ ಆರಿಸಿ ಸ್ಕ್ಯಾನರ್ ನೋಡಿದ. ಪೈಪಿಗೆ ಒತ್ತಡ ಅಳೆಯುವ ತನ್ನ ಹಳೆಯ ಗೇಜ್ ಜೋಡಿಸಿ, ಎ.ಸಿ. ಹಾಕಿ ನೋಡಿದ. ಗಾಡಿಯನ್ನು ಬಿಸಿಲಲ್ಲೇ ನಿಲ್ಲಿಸಿ, ಝಳ ಮುಖಕ್ಕೆ ಹೊಡೆಯುವ ತನಕ ಕಾದು ನೋಡಿದ. ಗೇಜಿನ ಮುಳ್ಳು ಏರುತ್ತಲೇ ಹೋಯಿತು. ಸೆನ್ಸರ್ ಹೇಳುವ ಅಂಕಿ ಮಾತ್ರ ಅಲ್ಲಾಡಲಿಲ್ಲ. ಗಾಬರಿಯಿಂದ ಎಂಜಿನ್ ಆರಿಸಿದ.

ಸೆನ್ಸರಿನ ಪ್ಲಗ್ ಕಿತ್ತಾಗ ಅಂಕಿ ಬಿದ್ದುಹೋಯಿತು. ಹಾಗಾದರೆ ತಪ್ಪು ವೈರಿನದಲ್ಲ, ಸೆನ್ಸರಿನದೇ.

"ಸೆನ್ಸರ್ ಕೆಟ್ಟೈತ್ರಿ ಅಜ್ಜಾರ" ಎಂದು ಬಂದು ಹೇಳಿದ. "ಒಳಗ ಪೈಪ್ ಒಡಿಯೂ ಹಂಗಾದ್ರೂ ಚಲೋ ಐತಿ ಅಂತಾನ ಹೇಳತೈತಿ."

"ಪಾಪ, ಯಾರಿಗೂ ಬ್ಯಾಸರ ಮಾಡಬಾರದು ಅಂತಿರಬೇಕು" ಎಂದರು ಅಜ್ಜಾರು.

ಯಮನೂರಪ್ಪ ತಲೆ ತಗ್ಗಿಸಿ, ಹೊಸ ಸೆನ್ಸರಿಗಾಗಿ ರಾಯಚೂರಿಗೆ ಫೋನ್ ಹಚ್ಚಿದ.

ಹೊಸ ಸೆನ್ಸರ್ ಸಂಜೆಯ ಬಸ್ಸಿಗೆ ರಾಯಚೂರಿನಿಂದ ಬಂತು. ಅದನ್ನು ಕೂರಿಸಿ ಎ.ಸಿ. ಹಾಕಿದಾಗ ಅಂಕಿ ಏರಿತು, ಫ್ಯಾನ್ ತಿರುಗಿತು, ನಿಂತ ಗಾಡಿಯಲ್ಲೂ ತಣ್ಣನೆಯ ಗಾಳಿ ಬಂತು. ಇನ್ನು ಪ್ರಯಾಣ ತಪ್ಪಿಸಲು ಯಾವ ನೆಪವೂ ಉಳಿದಿರಲಿಲ್ಲ.

ಬೆಳಿಗ್ಗೆ ಶಂಕ್ರಮ್ಮ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿ ಕುಳಿತಳು, ಕಣ್ಣು ಮುಚ್ಚಿ, ಕೈ ಮುಗಿದುಕೊಂಡು. ಅಜ್ಜಾರು ಯಮನೂರಪ್ಪನ ಕೈಯಲ್ಲಿದ್ದ ಕೀಲಿಗೆ ಕೈ ಚಾಚಿದರು.

"ಯಮನೂರ, ನಾ ಹೆಂಗ ಓಡಸ್ತೀನೋ?"

ಯಮನೂರಪ್ಪನ ಹಳೆಯ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

"ನಿಮಗ ಕಣ್ಣು ಸರಿಯಾಗಿ ಕಾಣಂಗಿಲ್ರಿ ಅಜ್ಜಾರ. ನೀವು ಗಾಡಿ ಓಡಸಬಾರದು."

"ಯಪ್ಪಾ, ಅಂತೂ ಒಬ್ಬ ಅಂದ" ಎಂದಳು ಒಳಗಿನಿಂದ ಶಂಕ್ರಮ್ಮ, ಕಣ್ಣು ಬಿಡದೆ.

ಅಜ್ಜಾರ ಮುಖ ಸಣ್ಣದಾಯಿತು. ಅವರಿಗೆ ನಿಜವಾಗಿಯೂ ನೋವಾಗಿತ್ತು. "ಎಂದಿನಿಂದ ಗೊತ್ತು ನಿನಗ?"

"ಹೋದ ಶ್ರಾವಣದಿಂದ್ರಿ."

"ಉಳಿದವರಿಗೆ?"

"ಅವರಿಗೂ ಗೊತ್ತೈತ್ರಿ. ಅಂಜಿ ಯಾರೂ ಹೇಳಿಲ್ಲ."

ಅಜ್ಜಾರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಕಾರನ್ನು ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡರು.

ಯಮನೂರಪ್ಪ ಗಾಡಿ ಹೊರಡಿಸಿದ. ಗುರುಗಳ ಮನಸ್ಸು ನೋಯಿಸಿದೆನಲ್ಲ ಎಂದು ಅವನಿಗೆ ಸಂಕಟ, ಹೇಳಿ ಮುಗಿಯಿತಲ್ಲ ಎಂದು ನೆಮ್ಮದಿ. ಹಿಂದೆ ಶಂಕ್ರಮ್ಮನಿಗೆ ತಂಪಿಗೆ ನಿದ್ದೆ ಹತ್ತಿತ್ತು.

ಅಜ್ಜಾರು ನಿಧಾನವಾಗಿ ಇವನ ಕಡೆ ತಿರುಗಿದರು. ಮುಖದಲ್ಲಿ ನಗು ಮೂಡುತ್ತಿತ್ತು.

"ಕಲಬುರಗಿ ಇನ್ನೂ ದೂರ ಐತಿ. ನನ್ನ ಪ್ರವಚನ ಹೆಂಗಿರತಾವ, ಈಗ ಹೇಳು."