ಎಲುಬು ಕಾಣುವ ಮಣ್ಣಿನ ನಾಯಿ

ಬಹಳ ಹಿಂದೆ ಚೀನಾ ದೇಶದಲ್ಲಿ ಗಾವೋ ಲಿನ್ ಎಂಬ ಸಿರಿವಂತನಿದ್ದ. ಅವನ ತಂದೆ ತೀರಿಕೊಂಡರು. ಅಲ್ಲಿನ ಪದ್ಧತಿಯಂತೆ ಸಮಾಧಿಯೊಳಗೆ ಸುಟ್ಟ ಮಣ್ಣಿನ ಪ್ರಾಣಿಗಳನ್ನು ಇಡಬೇಕು. ಕುದುರೆ ಅಂತಸ್ತಿನ ಗುರುತು, ಹಂದಿ ಸಮೃದ್ಧಿಯ ಗುರುತು, ನಾಯಿ ನಿಷ್ಠೆಯ ಗುರುತು. ಗೊಂಬೆ ಹೇಗಿದೆಯೋ ಹಾಗೆಯೇ ಪ್ರಾಣಿ ಪರಲೋಕದಲ್ಲಿ ಸತ್ತವರ ಜೊತೆಗಿರುತ್ತದೆ ಎಂದು ಜನ ನಂಬಿದ್ದರು.

ತಂದೆ ಸಾಕಿದ ಮುದಿ ನಾಯಿಯೊಂದು ಅವರ ಕೋಣೆಯ ಬಾಗಿಲಲ್ಲಿ ಕೂತು ಊಳಿಡುತ್ತಿತ್ತು. "ಥೂ, ಅಪಶಕುನ!" ಎಂದು ಗಾವೋ ದೊಣ್ಣೆ ಹಿಡಿದು ಅದನ್ನು ಆಚೆಗಟ್ಟಿದ. ಅದೇ ದಿನ ಕುಂಬಾರನ ಹತ್ತಿರ ಹೋದ. ಎಂಥ ಮಗ ನೋಡಿ!

"ನಾಯಿ ಮಾತ್ರ ಜೀವ ಬಂದ ಹಾಗಿರಬೇಕು ಕಣಯ್ಯ. ನೋಡಿದವರು ಭೇಷ್ ಅನ್ನಬೇಕು."

"ಯಾವ ನಾಯಿಯ ಹಾಗೆ ಮಾಡಲಿ, ಧಣಿ?"

"ಯಾವುದೋ ಒಂದನ್ನು ನೋಡಿಕೊಂಡು ಮಾಡು. ನಾಯಿಗೇನು ಬರಗಾಲವೇ?"

ಹಲವು ದಿನ ಕಳೆದು ಸಮಾಧಿಯ ದಿನ ಬಂತು. ನೆಂಟರಿಷ್ಟರೆಲ್ಲ ಸೇರಿದರು. ಕುಂಬಾರ ಗೊಂಬೆಗಳಿಗೆ ಸುತ್ತಿದ್ದ ಹುಲ್ಲು ಬಿಚ್ಚಿ ಕುದುರೆಯನ್ನು ತೆಗೆದ. ಎಲ್ಲರೂ ತಲೆದೂಗಿದರು. ಆಮೇಲೆ ನಾಯಿಯನ್ನು ತೆಗೆದ. ತಲೆದೂಗುತ್ತಿದ್ದವರು ಹತ್ತಿರ ಬಂದು ಬಗ್ಗಿ ನೋಡಿದರು.

"ಅಯ್ಯಯ್ಯೋ!" ಗಾವೋನ ಸೋದರತ್ತೆ ಚೀರಿದಳು. "ಇದು ನಮ್ಮಣ್ಣನ ನಾಯಿಯಲ್ಲವೇನೋ? ಅದೇ ಹರಿದ ಎಡಗಿವಿ! ಅಣ್ಣ ತನ್ನ ತುತ್ತು ಹಾಕಿ ಸಾಕಿದ್ದು. ಎಲುಬು ಎಣಿಸೋ ಹಾಗಾಗಿದೆಯಲ್ಲೋ!"

ಕುಂಬಾರನಿಗೆ ಏನೂ ತಿಳಿಯದು. "ಜೀವ ಬಂದ ಹಾಗೆ ಅಂದಿರಲ್ಲ ಧಣಿ! ಮಡಕೆ ಸುಡುವ ಆವಿಗೆಯ ಬೂದಿಯಲ್ಲಿ ಒಂದು ನಾಯಿ ಬಂದು ಮಲಗಿತ್ತು. ಪಾಪ, ಹಾಕಿದರೂ ತಿನ್ನದು. ಕಂಡದ್ದನ್ನು ಕಂಡ ಹಾಗೇ ಮಾಡಿದೆ" ಎಂದ.

ಗಾವೋ ಆ ಹರಿದ ಕಿವಿಯನ್ನು ಮುಟ್ಟಿ ನೋಡಿದ. ಅಯ್ಯೋ ದೇವರೇ, ಅಪ್ಪ ಪರಲೋಕದಲ್ಲಿ ದಿನಾ ಇದನ್ನೇ ನೋಡಬೇಕು! ಇಡದಿದ್ದರೆ ಅಪ್ಪನಿಗೆ ಕಾವಲಿಲ್ಲ. ಬೇರೆ ಮಾಡಿಸಲು ಹೊತ್ತಿಲ್ಲ, ಗಳಿಗೆ ಮೀರುತ್ತಿತ್ತು. ಸಮಾಧಿಗೆಂದು ತಂದಿದ್ದ, ಅನ್ನವನ್ನೂ ಮಣ್ಣಿನಲ್ಲೇ ಮಾಡಿದ್ದ ಬಟ್ಟಲೊಂದನ್ನು ನಾಯಿಯ ಮುಂದಿಟ್ಟ.

"ಮಣ್ಣಿನ ನಾಯಿಗೆ ಮಣ್ಣಿನ ಅನ್ನ ಇಟ್ಟೆ, ಸರಿ" ಎಂದಳು ಅತ್ತೆ. "ಬೂದಿಯಲ್ಲಿ ಬಿದ್ದಿದೆಯಲ್ಲ, ಅದಕ್ಕೆ?"

ಸಮಾಧಿಯ ಬಾಗಿಲು ಮುಚ್ಚಿದ್ದೇ ತಡ, ಗಾವೋ ಬಿಸಿ ಅನ್ನ ಹಿಡಿದು ಆವಿಗೆಗೆ ಓಡಿದ. ನಾಯಿ ಅನ್ನವನ್ನು ಮೂಸಲೂ ಇಲ್ಲ. ಕಷ್ಟಪಟ್ಟು ತಲೆಯೆತ್ತಿ, ಅವನ ಬೆನ್ನ ಹಿಂದೆ ತನ್ನ ಯಜಮಾನರು ಬರುತ್ತಿದ್ದಾರೇನೋ ಎಂದು ದಾರಿ ನೋಡಿತು. ಯಾರೂ ಬರಲಿಲ್ಲ. ಗಾವೋ ಆ ಬೂದಿಯಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತ.

ನೀತಿ: ನಿಷ್ಠೆಗೆ ಗೊಂಬೆ ಮಾಡಿಸುವುದು ಸುಲಭ. ನಿಷ್ಠೆಯಿಂದ ಬದುಕಿದ ಜೀವಕ್ಕೆ, ಅದು ಉಣ್ಣುವ ಹೊತ್ತಿನಲ್ಲೇ ಒಂದು ತುತ್ತು ಹಾಕಿ.