ಖರಾಬು ನೆಲದ ಅಮಲ್ದಾರ

"ಕೇಳ್ರಪ್ಪೋ ಕೇಳ್ರಿ. ಅಮಲ್ದಾರರ ಹುದ್ದೆ ಖಾಲಿ ಐತೆ. ದೊರೆಗಳು ಮೂರು ಒಗಟು ಹಾಕ್ತಾರೆ. ಒಡೆದೋರಿಗೆ ನೇಮಕದ ಕಾಗದ, ತಪ್ಪಿದೋರಿಗೆ ನೇಣು."

ಹೀಗೆಂದು ಕೆಂಗಲ್ಲು ಸೀಮೆಯ ಬೀದಿಬೀದಿಯಲ್ಲಿ ತಮಟೆ ಬಡಿದವನು ಕುಳುವಾಡಿ ಜವರ. ಡಂಗುರ ಸಾರುವುದು, ಊರ ಗಡಿ ತೋರಿಸುವುದು, ಸತ್ತವರಿಗೆ ಗುಂಡಿ ತೋಡುವುದು ಅವನ ಚಾಕರಿ.

ದೊರೆ ಸಮುದ್ರದಾಚೆಯಿಂದ ಬಂದ ಬಿಳಿಯವನು. ರಸ್ತೆಗೆ, ಕೆರೆಗೆ, ಮಸಣಕ್ಕೆ ಅಂತ ಹಿಂದಿನವರು ಬಿಟ್ಟಿದ್ದ ನೆಲ ವರ್ಷವರ್ಷವೂ ಕರಗುತ್ತಿತ್ತು. ಎಲ್ಲಿ ಹೋಯಿತೆಂದರೆ ಮೂವರು ಅಮಲ್ದಾರರು ಒಬ್ಬರಾದ ಮೇಲೊಬ್ಬರು ತಲೆ ಕೆರೆದುಕೊಂಡರು. ದೊರೆಗೆ ರೇಗಿತು. ನೆಲ ಬಲ್ಲವನು ಬರಲಿ, ಬಲ್ಲೆನೆಂದು ಸುಳ್ಳು ಹೇಳುವವನು ಸಾಯಲಿ ಎಂದ. ಆದರೂ ಜನ ಬಂದರು. ಕುರ್ಚಿಯ ಆಸೆ ಕುತ್ತಿಗೆಯನ್ನೇ ಮರೆಸಿಬಿಡುತ್ತದೆ ನೋಡಿ.

ಜವರನಿಗೆ ಕುರ್ಚಿ ಬೇಕಿರಲಿಲ್ಲ. ಹೋದ ಬೇಸಿಗೆಯಲ್ಲಿ ಅವನು ಒಬ್ಬಳೇ ಮಗಳು ನಿಂಗಿಯನ್ನು ಕೇರಿಯ ಮಸಣದಲ್ಲಿ ಹೂತಿದ್ದ. ಮಳೆ ಬಿದ್ದದ್ದೇ ಹಿಂದಿನ ಅಮಲ್ದಾರನ ಭಾವಮೈದ ಅಲ್ಲಿ ನೇಗಿಲು ಹೂಡಿ ಜೋಳ ಬಿತ್ತಿದ. ಕೇಳಲು ಹೋದರೆ ಗುಮಾಸ್ತ ವೆಂಕೋಬರಾಯ ಕಡತ ತೆರೆದು, "ಖರಾಬು ಅಂತ ಬರೆದಿದೆಯಲ್ಲೋ, ಯಾರು ಉತ್ತರೇನು?" ಅಂದಿದ್ದ. ಆ ನೆಲ ಮತ್ತೆ ಮಸಣವಾದರೆ ಸಾಕಿತ್ತು ಜವರನಿಗೆ.

ಕಚೇರಿಯ ಜಗಲಿಯಲ್ಲಿ ದೊರೆ ಕುಳಿತ. ಮೊದಲು ಪಟೇಲ ಸಂಪಂಗಿಗೌಡ ಮುಂದೆ ಬಂದ.

"ಊರಿಗೆಲ್ಲ ಬೇಕು, ಒಬ್ಬನದೂ ಅಲ್ಲ. ಕಂದಾಯ ಕೊಡುವುದಿಲ್ಲ. ಒಳ್ಳೆಯದು, ಹೆಸರು ಮಾತ್ರ ಕೆಟ್ಟದ್ದು. ಏನದು?" ಎಂದ ದೊರೆ.

"ಗಾಳಿ, ಸ್ವಾಮಿ."

"ಗಾಳಿಗೆ ಕೆಟ್ಟ ಹೆಸರು ಯಾಕೆ?"

"ಗಾಳಿ ಮೆಟ್ಟಿಕೊಳ್ತು ಅಂತಾರಲ್ಲ, ಸ್ವಾಮಿ."

ಜಾಣ ಮಾತೇ. ಆದರೂ ಮಧ್ಯಾಹ್ನಕ್ಕೆ ಗೌಡನ ಹೆಣ ಹುಣಸೆಮರದಲ್ಲಿ ತೂಗುತ್ತಿತ್ತು.

ಆಮೇಲೆ ವೆಂಕೋಬರಾಯ ನಗುತ್ತ ಬಂದು, ಅದೇ ಒಗಟಿಗೆ "ಖರಾಬು ಜಮೀನು" ಅಂದ. ಕಚೇರಿಯೆಲ್ಲ ಉಸಿರು ಬಿಟ್ಟಿತು.

"ಬಿಡಿಸಿ ಹೇಳು" ಎಂದ ದೊರೆ.

"ಖರಾಬು ಅಂದರೆ ಕೆಟ್ಟದ್ದು, ಮಹಾಸ್ವಾಮಿ. ಬೆಳೆ ಬಾರದ ಹಾಳು ನೆಲ. ಯಾರು ಬಳಸಿಕೊಂಡರೂ ನಷ್ಟವಿಲ್ಲ."

"ಮಾತು ಸರಿ, ಅರ್ಥ ತಪ್ಪು."

ಇಪ್ಪತ್ತು ವರ್ಷ ಆ ಮಾತನ್ನು ಬರೆದ ಕೈಗಳನ್ನು ಹಿಂದಕ್ಕೆ ಕಟ್ಟಿ, ಅವನನ್ನೂ ಹುಣಸೆಮರಕ್ಕೆ ನೇತುಹಾಕಿದರು. ಜವರನಿಗೆ ಅವನ ಮೇಲೆ ಸಿಟ್ಟಿತ್ತು ನಿಜ, ಸಾಯಲಿ ಅಂತ ಅವನು ಬಯಸಿರಲಿಲ್ಲ. ತಮಟೆ ಕೆಳಗಿಟ್ಟು, ಅಂಗಳದಲ್ಲೇ ನಿಂತು, "ನಾನು ಹೇಳ್ತೀನಿ ಬುದ್ದಿ" ಅಂದ. ಜಗಲಿ ಹತ್ತುವ ಹಕ್ಕು ಅವನಿಗಿರಲಿಲ್ಲ.

"ಅದು ಖರಾಬೇ ಬುದ್ದಿ. ಕೆಟ್ಟಿದ್ದಕ್ಕಲ್ಲ, ಬಿಟ್ಟಿದ್ದಕ್ಕೆ ಆ ಹೆಸರು. ಗಾಡಿ ಹೋಗಾಕೆ, ದನ ನೀರು ಕುಡಿಯಾಕೆ, ಹೆಣ ಹೂಳಾಕೆ ಅಂತ ಊರೇ ಬಿಟ್ಟ ನೆಲ."

ದೊರೆ ಮುಂದಕ್ಕೆ ಬಾಗಿದ. "ಕಾಲಿಲ್ಲ, ನಡೆಯುತ್ತದೆ. ಬಾಯಿಲ್ಲ, ನೆಲ ತಿನ್ನುತ್ತದೆ."

"ಗಡಿಕಲ್ಲು. ಉಳುಮೆಗೊಂದು ಗೇಣು ಸರೀತದೆ. ನಾನು ನೆಟ್ಟ ಕಲ್ಲುಗಳೇ ನನ್ನ ಕಣ್ಮುಂದೆ ನಡೆದವೆ."

"ತಲೆಯ ಮೇಲಿದ್ದರೆ ಸಾಕ್ಷಿ, ಒಡೆದರೆ ಹೊತ್ತವನಿಗೆ ಸಾವು. ಇದು?"

ಜಗಲಿಯಂಚಿನಲ್ಲಿ ಕುಳಿತು ದೊರೆಯ ಕಾಗದ ನೋಡಿಕೊಳ್ಳುತ್ತಿದ್ದ ಪೇಷ್ಕಾರ, "ಕಿರೀಟ ಅನ್ನೋ" ಎಂದು ಪಿಸುಗುಟ್ಟಿದ. ಜವರ ಅತ್ತ ತಿರುಗಲಿಲ್ಲ.

"ಮಣ್ಣಿನ ಉಂಡೆ ಬುದ್ದಿ. ಗಡಿ ಜಗಳ ಬಂದಾಗ ಕುಳುವಾಡಿ ಊರ ಮಣ್ಣಿನ ಉಂಡೆ ತಲೆ ಮೇಲಿಟ್ಕೊಂಡು ಗಡಿ ನಡೀತಾನೆ. ಹೆಜ್ಜೆ ತಪ್ಪಿದ್ರೆ ಉಂಡೆ ಒಡೀತದೆ, ಹದಿನೈದು ದಿನದಾಗೆ ಅವನೂ ಹೋಗ್ತಾನೆ. ನಮ್ಮಪ್ಪ ಯಾರಿಗೋ ಹೆದರಿ ಮೂರು ಹೆಜ್ಜೆ ಪಕ್ಕಕ್ಕಿಟ್ಟು ಹಂಗೇ ಹೋದ."

"ಮೂರೂ ಸರಿ. ಈಗ ನಡೆದು ತೋರಿಸು" ಎಂದ ದೊರೆ.

ಜವರ ಉಂಡೆ ಹೊತ್ತು ಕೆರೆಯ ಏರಿಯಿಂದ ಹೊರಟ. ಹಿಂದೆ ದೊರೆ, ಅವನ ಹಿಂದೆ ಊರು. ಜೋಳದ ಹೊಲವನ್ನು ಸೀಳಿಕೊಂಡು ಹೋಗುವಾಗ ಅವನ ಕಣ್ಣು ಮಂಜಾಯಿತು, ಕತ್ತು ಅಲುಗಲಿಲ್ಲ. ಅಲ್ಲಿಂದಾಚೆಗೆ ಹಳೆಯ ರಸ್ತೆಯ ನೆಲ. ಅದರ ಮೇಲೆ ನೆಟ್ಟಗೆ ಎದುರಿಗೆ ನಿಂತದ್ದು ದೊರೆಯ ಹೊಸ ಬಂಗಲೆ. ಹಿಂದಿನ ಅಮಲ್ದಾರರು ಅವನನ್ನೂ ಖರಾಬಿನಲ್ಲೇ ಕೂರಿಸಿದ್ದರು, ಅವನಿಗೆ ಅದು ಗೊತ್ತಿರಲಿಲ್ಲ.

"ಪಕ್ಕಕ್ಕೆ ತಿರುಗೋ, ಬದುಕ್ಕೊಳ್ತೀಯ" ಎಂದ ಪೇಷ್ಕಾರ.

ಸಾಯಲು ಜವರನಿಗೆ ಭಯವಾಯಿತು. ಅಪ್ಪನ ಮೂರು ಹೆಜ್ಜೆ ನೆನಪಾಯಿತು, ನೇಗಿಲ ಕೆಳಗಿನ ನಿಂಗಿ ನೆನಪಾದಳು. ಅವನು ಬಂಗಲೆಯ ಮೆಟ್ಟಿಲು ಹತ್ತಿದ. ಜಗಲಿಯ ನಡುವೆ ನಿಂತು, "ರಸ್ತೆ ಇಲ್ಲೇ ಹೋಗಬೇಕು ಬುದ್ದಿ" ಅಂದ.

ಉಂಡೆ ಒಡೆದಿರಲಿಲ್ಲ. ದೊರೆ ಹುಣಸೆಮರದ ಕಡೆ ಬಹಳ ಹೊತ್ತು ನೋಡಿದ. ಊರೆಲ್ಲ ಕೇಳುವಂತೆ ಸಾರಿಸಿದ ಮಾತು ಈಗ ಅವನ ಕೊರಳಿಗೇ ಬಿದ್ದಿತ್ತು. ಕೊನೆಗೆ ಕಾಗದ ತರಿಸಿ ರುಜು ಹಾಕಿದ, ಕೋಟು ರುಮಾಲು ಕೊಡಿಸಿದ.

ಅಮಲ್ದಾರ ಜವರ ಎರಡು ಹುಕುಂ ಮಾಡಿದ. ಜೋಳದ ಹೊಲವೂ ಬಂಗಲೆಯ ನೆಲವೂ ಖರಾಬು, ಬಿಟ್ಟುಕೊಡತಕ್ಕದ್ದು ಎಂಬುದು ಒಂದು. ದೊರೆ ತನ್ನ ಸಾಮಾನಿನ ಪೆಟ್ಟಿಗೆ ಕಟ್ಟಿಸಿ ಬಂಗಲೆ ಬಿಟ್ಟ. ನೇಣಿನ ಹೆಣಗಳನ್ನು ಮನೆಯವರಿಗೆ ಕೊಡುವ ಪದ್ಧತಿ ಇರಲಿಲ್ಲ, ಅವನ್ನು ಇಳಿಸಿ ಹೂಳಿ ಎಂಬುದು ಇನ್ನೊಂದು. ಕಚೇರಿಯ ಒಬ್ಬ ಆಳೂ ಕದಲಲಿಲ್ಲ. ಕುಳುವಾಡಿಯ ಬಾಯಿಂದ ಬಂದ ಹುಕುಂ ಅವರಿಗೆ ಕೇಳಿಸಲೇ ಇಲ್ಲ.

ಅಮಲ್ದಾರ ಕೋಟು ಕಳಚಿ ಬದುವಿನ ಮೇಲಿಟ್ಟ. ಗುದ್ದಲಿ ಹಿಡಿದು ಜೋಳ ಕಿತ್ತು, ನಿಂಗಿಯ ಪಕ್ಕದಲ್ಲಿ ಎರಡು ಗುಂಡಿ ತಾನೇ ತೋಡಿದ. ಹಾಳು ನೆಲ ಅಂದಿದ್ದ ವೆಂಕೋಬರಾಯನಿಗೆ ಅಲ್ಲೇ ಆರಡಿ ಜಾಗ ಸಿಕ್ಕಿತು.

ಕೆಂಗಲ್ಲಿನ ರಸ್ತೆ ಈಗಲೂ ಒಂದು ಹಳೆಯ ಜಗಲಿಯನ್ನು ಹಾದೇ ಹೋಗುತ್ತದಂತೆ. ಆ ಕಡೆ ಹೋದವರು ನೋಡಿಕೊಂಡು ಬನ್ನಿ.