ಘೇಂಡಾಮೃಗದ ನೆಂಟರು

ಆಸ್ಥಾನದ ಶಿತಿಕಂಠ ಪಂಡಿತರಿಗೆ ಏನು ಕಂಡರೂ ಚಿವುಟಿ ನೋಡುವ ಅಭ್ಯಾಸ. ಬದನೆಕಾಯಿ, ಶಾಲು, ಮೊಮ್ಮಗಳ ಕೆನ್ನೆ, ಯಾವುದನ್ನೂ ಚಿವುಟದೆ ಅಭಿಪ್ರಾಯ ಹೇಳುತ್ತಿರಲಿಲ್ಲ.

ರಾಜ ಮಲ್ಲರಸನಿಗೆ ಪೂರ್ವದೇಶದಿಂದ ಒಂದು ಘೇಂಡಾಮೃಗ ಕಾಣಿಕೆಯಾಗಿ ಬಂತು.

"ಇದು ಯಾವ ಕುಲ?" ಎಂದ ರಾಜ.

ಪಂಡಿತರು ಅರಮನೆಯ ಆನೆಯನ್ನು ಚಿವುಟಿದರು, ಘೇಂಡಾಮೃಗವನ್ನು ಚಿವುಟಿದರು. ಎರಡಕ್ಕೂ ಗೊತ್ತೇ ಆಗಲಿಲ್ಲ.

"ಎರಡೂ ದಪ್ಪಚರ್ಮದ ಕುಲ, ಪ್ರಭು. ಖಾಸಾ ಒಡಹುಟ್ಟಿದವರು! ಸುಳ್ಳು ಎನ್ನುವವರು ಮುಂದೆ ಬರಲಿ."

"ಹಾಗಾದರೆ ಆನೆಲಾಯದಲ್ಲೇ ಕಟ್ಟಿ."

ಒಡಹುಟ್ಟಿದವರು ಎರಡೇ ದಿನದಲ್ಲಿ ಲಾಯದ ಗೋಡೆ ಕೆಡವಿದರು. ರಾಜನ ಸಿಟ್ಟು ತಿರುಗಿದ್ದು ಮಾವುತ ಮಸಣಯ್ಯನ ಮೇಲೆ. "ಒಂದೇ ಕುಲದವನ್ನು ಹೊಂದಿಸಲಾರದವನು ಎಂಥ ಮಾವುತ? ನಾಳೆ ಸಂಜೆಯೊಳಗೆ ಎರಡೂ ಒಂದೇ ಬಾನಿಯಲ್ಲಿ ತಿನ್ನಬೇಕು. ಇಲ್ಲವೆ ಊರು ಬಿಡು."

ಮಸಣಯ್ಯ ಚನ್ನಾಜಮ್ಮನ ಹತ್ತಿರ ಓಡಿದ. ಅರಮನೆಯ ಊಟದಲ್ಲಿ ಯಾರು ಎಲ್ಲಿ ಕೂರಬೇಕೆಂದು ಹೇಳುವವಳು ಅವಳೇ.

"ಆನೆ ಗೌರಿಯನ್ನ ಮರಿಯಿಂದ ಸಾಕಿದೀನಿ ಕಣವ್ವಾ. ಅವಳನ್ನ ಬಿಟ್ಟು ಎಲ್ಲಿಗೆ ಹೋಗಲಿ?"

"ಅಳಬೇಡ. ಗೌರಿ, ಘೇಂಡಾಮೃಗ, ಒಂದು ಕುದುರೆ, ಮೂರರ ಹೆಜ್ಜೆಯನ್ನೂ ಹಸಿಮಣ್ಣಲ್ಲಿ ಮೂಡಿಸಿಕೊಂಡು ಬಾ."

ಮರುದಿನ ಮಧ್ಯಾಹ್ನ ರಾಜ ಊಟಕ್ಕೆ ಬಂದರೆ, ಪಕ್ಕದ ಮಣೆಯ ಮೇಲೆ ಬಯಲಾಟದಲ್ಲಿ ರಾಜವೇಷ ಹಾಕುವ ಈರಭದ್ರ ಮೀಸೆ ತಿರುವುತ್ತಾ ಕೂತಿದ್ದ. ರಾಜನ ಹಳೆಯ ರೇಷ್ಮೆ ಅಂಗಿಯನ್ನು ವರ್ಷಕ್ಕೊಮ್ಮೆ ರಾಜವೇಷದವನಿಗೆ ಕೊಡುವುದು ಅರಮನೆಯ ವಾಡಿಕೆ. ಅದನ್ನೇ ತೊಟ್ಟಿದ್ದ.

"ಚನ್ನಾಜಮ್ಮಾ, ಇವನ್ಯಾಕೆ ಇಲ್ಲಿ?"

"ತಮ್ಮ ಕುಲದವರು, ಪ್ರಭು. ಚಿವುಟಿ ನೋಡಿದೆ, ಅದೇ ರೇಷ್ಮೆ."

ಅಷ್ಟರಲ್ಲಿ ಅಂಗಳದಿಂದ ಕೂಗು. ಚಳಿಗೆ ಕಂಬಳಿ ಹೊದ್ದು ಬಂದಿದ್ದ ಪಂಡಿತರ ಎಲೆ, ಕಂಬಳಿ ಮಾರಲು ಬಂದ ಕುರಿಗಾಹಿಗಳ ಸಾಲಿನಲ್ಲಿ ಬಿದ್ದಿತ್ತು.

"ಮೇಲೆ ಹೊದ್ದದ್ದು ನೋಡಿ ಕುಲ ಹೇಳ್ತಾರೇನಮ್ಮಾ? ಬುದ್ಧಿ ಬೇಡವಾ?"

"ಮತ್ತೇನು ನೋಡಬೇಕು, ಪಂಡಿತರೇ?"

"ಒಳಗಿನ ಕಟ್ಟು ನೋಡಬೇಕು!"

"ಮಸಣಯ್ಯಾ, ತಾರಪ್ಪ ಇಲ್ಲಿ."

ಮಸಣಯ್ಯ ಮೂರು ಮಣ್ಣಿನ ಹಲಗೆ ಇಳಿಸಿದ. ಚನ್ನಾಜಮ್ಮ ಬೆರಳಿಟ್ಟು ತೋರಿಸಿದಳು. "ಆನೆಯ ಪಾದ ದುಂಡಗೆ, ಬೆರಳೆಲ್ಲ ಸುತ್ತಲೂ. ಘೇಂಡಾಮೃಗಕ್ಕೆ ಮೂರೇ ಬೆರಳು, ಭಾರವೆಲ್ಲ ನಡುಬೆರಳ ಮೇಲೆ. ಕುದುರೆಗೆ ಉಳಿದಿರುವುದೇ ಆ ನಡುಬೆರಳು. ಈಗ ಹೇಳಿ, ಯಾರಿಗೆ ಯಾರು ನೆಂಟರು?"

ಪಂಡಿತರು ಕಂಬಳಿ ಸರಿಮಾಡಿಕೊಂಡರು.

ರಾಜ ನಕ್ಕುಬಿಟ್ಟ. "ಮಸಣಯ್ಯ ಗೌರಿಯ ಜೊತೆಗೇ ಇರಲಿ. ಘೇಂಡಾಮೃಗವನ್ನ ಕುದುರೆಲಾಯದಲ್ಲಿ ಕಟ್ಟಲೇ?"

"ಬೇಡಿ ಪ್ರಭು, ಬೇರೆ ಬೇಲಿ ಹಾಕಿಸಿ. ನೆಂಟರನ್ನೆಲ್ಲ ಒಂದೇ ಸೂರಿನಡಿ ಇಟ್ಟರೆ ಏನಾಗುತ್ತದೆಂದು ತಮ್ಮ ಅಂತಃಪುರಕ್ಕೇ ಗೊತ್ತು."

ರಾಜನ ನಗು ಅರ್ಧಕ್ಕೆ ನಿಂತಿತು. ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದ: "ಅಲ್ಲಿ ಯಾರು ಯಾರಿಗೆ ಏನಂದರು? ನನಗೊಬ್ಬನಿಗೇ ಹೇಳಮ್ಮಾ."

ಚನ್ನಾಜಮ್ಮ ಮಸಣಯ್ಯನಿಗೆ ಎಲೆ ಹಾಕಲು ಹೊರಟಿದ್ದಳು.